ಬೀಗರ ಧೋತರ

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಜನರನ್ನು ಕಟ್ಟಿಕೊಂಡು ಹಿರೇಹಳ್ಳಕ್ಕಿಳಿದು ಸ್ವಚ್ಛ ಮಾಡಿಸಿದಾಗ, ದಂಡೆಯ ಮೇಲೆ ನಿಂತು ಫೋಟೊ ತೆಗೆದವರ ಪೈಕಿ ನಾನೂ ಒಬ್ಬ. ಆ ನಾಚಿಕೆ ಒಳಗೊಳಗೇ ಕುದಿಯುತ್ತಿತ್ತೇನೋ, ನಿವೃತ್ತನಾಗಿ ಕಿನ್ನಾಳದ ಮನೆ ಸೇರಿದ ವಾರದಲ್ಲೇ ನನ್ನ ಪರಿಸರ ದರ್ಬಾರು ಶುರುವಾಯಿತು.

ಏಪ್ರಿಲ್ ಬಿಸಿಲಲ್ಲಿ ಫ್ಯಾನು ಆರಿಸುತ್ತ ತಿರುಗಿದೆ. ‘ಗೃಹಜ್ಯೋತಿ ಬಂದಾಗಿಂದ ಬಿಲ್ಲೇ ಸೊನ್ನಿ ಬರತೈತಿ. ಸೊನ್ನ್ಯಾಗ ಏನು ಉಳಸ್ತೀರಿ?’ ಎಂದಳು ಹೆಂಡತಿ. 2023ರ ಆ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಒಳಗೆ ಅಷ್ಟೇ ಪುಕ್ಕಟೆ ಎಂದು ಲೆಕ್ಕ ಬಿಡಿಸಹೋದೆ. ‘ಬೆವರಿಗೂ ಒಂದು ಸರಾಸರಿ ತೆಗೀರಿ’ ಎಂದು ಫ್ಯಾನು ಹಾಕಿದಳು. 

ನಿಜವಾದ ಕಥೆ ಕುರ್ಚಿಯದು. ಅಪ್ಪನ ಕಾಲದ ಕಟ್ಟಿಗೆ ಕುರ್ಚಿ. ಕಾಲು ಸಡಿಲ, ಕೂರುವ ಹಲಗೆ ಸೀಳಿತ್ತು. ಪ್ಲಾಸ್ಟಿಕ್ಕಿನದು ತರೋಣ ಎಂದರು ಮನೆಯವರು. ಕಟ್ಟಿಗೆ ಗೊಂಬೆಗಳ ಕಿನ್ನಾಳದಲ್ಲಿ ಪ್ಲಾಸ್ಟಿಕ್ ಕುರ್ಚಿಯೇ? ಆ ಗೊಂಬೆ ಮಾಡುವ ನಮ್ಮ ಚಿತ್ರಗಾರರು ಹರಕು ಗೋಣಿತಟ್ಟು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಬೆರೆಸಿ, ಹುಣಸೆ ಬೀಜದ ಅಂಟಲ್ಲಿ ಕಲಸಿ ‘ಕಿಟ್ಟ’ ಮಾಡಿ ಗರುಡನನ್ನು ನಿಲ್ಲಿಸಿದವರು. ಗರುಡನನ್ನು ಹಿಡಿದ ಅಂಟಿಗೆ ಕುರ್ಚಿ ಯಾವ ಲೆಕ್ಕ? ಅಡುಗೆಮನೆಯಲ್ಲಿ ಎಸೆಯಲಿಟ್ಟಿದ್ದ ಹುಣಸೆ ಬೀಜ ನೆನೆಹಾಕಿ ಮಿಕ್ಸರಿಗೆ ಸುರಿದೆ. ಬೀಜ ಉಳಿಯಿತು, ಮಿಕ್ಸರ್ ಹೋಯಿತು. ಹೆಂಡತಿ ಏನೂ ಅನ್ನಲಿಲ್ಲ. ಅದೇ ಭಯ. ಅದೇ ಬೀಜವನ್ನು ಒರಳಲ್ಲಿ ರುಬ್ಬಿ, ಕಾಸಿ, ಕಾಲಿಗೂ ಹಲಗೆಗೂ ಧಾರಾಳ ಬಳಿದು ಪಡಸಾಲೆಯಲ್ಲಿಟ್ಟೆ.

ಅರ್ಧ ತಾಸಿಗೆ ಬೀಗರು ಬಂದರು. ಗರಿಗರಿ ಧೋತರ. ನಾನು ‘ಅಲ್ಲಿ ಬ್ಯಾಡ್ರಿ’ ಎನ್ನುವಷ್ಟರಲ್ಲಿ ಕೂತೇಬಿಟ್ಟರು. ಕುರ್ಚಿ ಅಲುಗಲಿಲ್ಲ! ಹೆಮ್ಮೆಯಿಂದ ನನ್ನ ಬಾಯಿ ಕಟ್ಟಿಹೋಯಿತು.

ಚಾ ಕುಡಿದರು. ಮಳೆ, ಬೆಳೆ, ಅಳಿಯನ ವರ್ಗಾವಣೆ ಮುಗಿಯಿತು. ‘ಬರ್ತೀವ್ರಿ’ ಎಂದು ಕೈಮುಗಿದು ಒಂದಿಷ್ಟು ಮೇಲೆದ್ದರು, ಮತ್ತೆ ಕೂತರು. ಮುಖ ಕೊಂಚ ಬಿಗಿಯಿತು. ‘ಇನ್ನೊಂದು ಅರ್ಧ ಕಪ್ ಬರ್ಲಿ, ಚಾ ಭಾಳ ಛಲೋ ಐತಿ’ ಎಂದರು. ಅವರಿಗೆ ತಿಳಿದಿದೆ ಎಂದು ನನಗೆ ತಿಳಿಯಿತು. ನನಗೆ ತಿಳಿದಿದೆ ಎಂಬುದು ಅವರಿಗೂ. ಬೀಗತನದಲ್ಲಿ ಇಂಥದ್ದನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಮೂರನೇ ಕಪ್ಪಿಗೆ ಸಕ್ಕರೆ ಕಮ್ಮಿ ಹಾಕಿಸಿದರು. ನಾಲ್ಕನೆಯದಕ್ಕೆ ಹೆಂಡತಿ ಬಾಗಿಲಿಂದ ಇಣುಕಿ, ‘ಊಟಕ್ಕ ಇಟ್ಟುಬಿಡ್ಲೇನ್ರಿ?’ ಎಂದಳು. ಬೀಗರು, ‘ಇಲ್ಲೇ ತಂದು ಕೊಡ್ರಿ’ ಎಂದರು. ರೊಟ್ಟಿ, ಎಣ್ಣೆಗಾಯಿ ಎಲ್ಲ ಕುರ್ಚಿಯಲ್ಲೇ ಆಯಿತು. ಕೈ ತೊಳೆಯಲು ಏಳಲೇಬೇಕಲ್ಲ? ಎದ್ದರು. ಕುರ್ಚಿಯೂ ಎದ್ದಿತು.

ಬಿಸಿನೀರು ಕಾಸಿ, ತೇವ ಮಾಡಿ ಬಿಡಿಸಿದೆವು. ಬೀಗರು ಬಂದರು, ಅಂಗೈಯಗಲದ ಧೋತರ ಬರಲಿಲ್ಲ.

ಸಂಜೆ ನೆರೆಮನೆಯ ಹಿರಿಯ ಚಿತ್ರಗಾರರು ಬಂದು ಕುರ್ಚಿ ಸವರಿ ನೋಡಿ, ‘ತಮ್ಮಾ, ಕಿಟ್ಟದ ಮ್ಯಾಲ ಅರಿವಿ ತುಂಡು ಇದಾ ಅಂಟಿನಿಂದ ಹಚ್ಚತೀವಿ. ಅಲ್ಲೀತನಕ ನೀ ಸರಿಯಾಗೇ ಮಾಡೀದಿ. ಇನ್ನ ಕಲ್ಲಿನ ಪುಡಿ ಬಳದು ಬಣ್ಣ ಹಚ್ಚೋದಷ್ಟ ಉಳದೈತಿ’ ಎಂದರು. ನಾವು ನಕ್ಕೆವು. ಹೊರಡುವಾಗ ಅವರು ಮೆಲ್ಲಗೆ, ‘ಹಳೇ ಗೋಣಿಚೀಲ ಇದ್ರ ಕೊಡು’ ಎಂದರು.

ಅಟ್ಟ ಹತ್ತಿ ಹುಡುಕಿದೆ. ಅಕ್ಕಿಯದು, ಗೊಬ್ಬರದ್ದು, ಸಿಮೆಂಟಿನದು, ಎಲ್ಲ ಪ್ಲಾಸ್ಟಿಕ್ ಚೀಲ. ನೆನೆಯುವುದಿಲ್ಲ, ಪುಡಿಯಾಗುವುದಿಲ್ಲ, ಹುಣಸೆ ಬೀಜದ ಅಂಟು ಹಿಡಿಯುವುದೂ ಅನುಮಾನ. ನಮ್ಮಜ್ಜನ ಕಾಲದ ಕಸದಲ್ಲಿ ದೇವರು ಹುಟ್ಟುತ್ತಿದ್ದ. ನಾನು ಬೇರೆಬೇರೆ ಬಕೆಟ್ಟಿನಲ್ಲಿ ಶಿಸ್ತಾಗಿ ವಿಂಗಡಿಸಿಟ್ಟ ಕಸ ಚಿತ್ರಗಾರರ ಯಾವ ಕೆಲಸಕ್ಕೂ ಬಾರದು. ಬರಿಗೈಲಿ ಇಳಿದೆ. ‘ಇರ್ಲಿ ಬಿಡು, ಎಲ್ಲಾರ ಮನ್ಯಾಗೂ ಹಂಗ’ ಎಂದು ಹೋದರು.

ಕುರ್ಚಿ ಈಗ ಗಟ್ಟಿ. ಹಲಗೆಯ ನಡುವೆ ಧೋತರದ ಅಂಚಿನ ಹಸಿರು ಜರಿ ಮಿರುಗುತ್ತದೆ. ಮೊನ್ನೆ ಬೀಗರು ಮತ್ತೆ ಬಂದಿದ್ದರು. ಮೊಣಕಾಲು ನೋವಿದ್ದರೂ ಚಾಪೆ ಕೇಳಿದರು.