ಸರಾಸರಿ ಏಳು ಫೂಟು

ಅಂಗಿಯ ಕಿಸೆಯಲ್ಲಿ ಸೈಂಟಿಫಿಕ್ ಕ್ಯಾಲ್ಕ್ಯುಲೇಟರು, ಪ್ಯಾಂಟಿನ ಕಿಸೆಯಲ್ಲಿ ಅಳತೆ ಟೇಪು, ಉಗುರಿನ ಸಂದಿಗೆ ಸಿಮೆಂಟು. ಧಾರವಾಡದಲ್ಲಿ ಬಿ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದುವ ನಮ್ಮ ಹೂಲಿಯ ಹುಡುಗನನ್ನು ಗುರುತು ಹಿಡಿಯಲು ಇಷ್ಟು ಸಾಕು. ಇಂಟರ್ನಲ್ಸ್ ಎದುರಿಗಿವೆ, ಪ್ರಾಕ್ಟಿಕಲ್ ರೆಕಾರ್ಡು ಅರ್ಧ ಆಗಿದೆ, ಅಷ್ಟರಲ್ಲಿ ಎಮ್ಮೆಯ ಶೆಡ್ಡು ಕೊರಳಿಗೆ ಬಿದ್ದಿದೆ. 'ಇಷ್ಟು ಓದೀದಿ, ಒಂದು ಶೆಡ್ಡು ನಿಂದ್ರಸಾಕ ಬರೂದಿಲ್ಲೇನು?' ಅಂದಿದ್ದರು ಅವರಪ್ಪ. ಓದಿದವನನ್ನು ಹೀಗೆ ಕೆಣಕಬಾರದು.

ಸವದತ್ತಿಯ ಅಂಗಡಿಯಲ್ಲಿ ಪತ್ರಾಸಿಗೆ ಎಷ್ಟು ಹುಕ್ಕು ಬೇಕು ಎಂದು ಕೇಳಿದರೆ, 'ತೊಂಬತ್ತೈದು ಪರ್ಸೆಂಟ್ ಭರವಸೆ ಮ್ಯಾಲ ಹೇಳೂದಾದ್ರ, ನಲವತ್ತರಿಂದ ಎಂಬತ್ತು' ಎಂದ. ಅಂಗಡಿಯವರು ಅರವತ್ತು ಎಣಿಸಿ ಕೊಟ್ಟು, 'ಉಳದ್ರ ತಂದು ಕೊಡು' ಅಂದರು. ಆ ವಿದ್ಯೆಗೆ ಅವರು ಯಾವ ಸೆಮಿಸ್ಟರ್ ಫೀಯನ್ನೂ ಕಟ್ಟಿರಲಿಲ್ಲ.

ಕಂಬಗಳೆಲ್ಲ ಒಂದೇ ಅಳತೆಗೆ ಕತ್ತರಿಸಿದವೇ. ಆದರೆ ನೆಲ ಗುಡ್ಡದ ಬುಡದ್ದು. ಒಂದು ತೆಗ್ಗಿನಲ್ಲಿ ಹಾರಿ ಸಲೀಸಾಗಿ ಇಳಿಯಿತು, ಇನ್ನೊಂದರಲ್ಲಿ ಕಲ್ಲಿಗೆ ಬಡಿದು ಕಿಡಿ ಹಾರಿತು. ಇಳಿದಷ್ಟೇ ಆಳಕ್ಕೆ ಕಂಬ ನಿಲ್ಲಿಸಿ, ಕಾಂಕ್ರೀಟು ಸುರಿದು, ಆಮೇಲೆ ಅಳೆದ. ಇಳಿಜಾರಿನ ಕಡೆಯ ನಾಲ್ಕು ಕಂಬ: 7 ಫೂಟು 4 ಇಂಚು, 6 ಫೂಟು 7 ಇಂಚು, 7 ಫೂಟು 2 ಇಂಚು, 6 ಫೂಟು 11 ಇಂಚು. ಕ್ಯಾಲ್ಕ್ಯುಲೇಟರು ಒತ್ತಿದವನ ಮುಖ ಅರಳಿತು.

'ಅಪ್ಪಾ, ಸರಾಸರಿ ಬರೋಬ್ಬರಿ ಏಳು ಫೂಟು!'

'ಮಳಿ ಸರಾಸರಿ ನೋಡಿ ಬೀಳತೈತೇನಲೇ?'

ಗೌಂಡಿ ಕಾಕಾ ಬಂದು ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಕಂಬದಿಂದ ಕಂಬಕ್ಕೆ ಹಿಡಿದು, ಮಾತಾಡದೆ ಬೀಡಿ ಹಚ್ಚಿದರು. ಹುಡುಗ ಅಷ್ಟರಲ್ಲಿ ಸಿಮೆಂಟು ಚೀಲದ ಮೇಲೆ ಮಾನಕ ವಿಚಲನೆ ತೆಗೆಯುತ್ತಿದ್ದ. ಇರುವುದೇ ನಾಲ್ಕು ಕಂಬವೆಂದರೆ ನಾಲ್ಕರಿಂದ ಭಾಗಿಸಬೇಕು, 3.4 ಇಂಚು. ಇವು ಬರೀ ಸ್ಯಾಂಪಲ್ ಎಂದರೆ ಮೂರರಿಂದ, 3.9 ಇಂಚು. 'ಯಾವುದು ಹಿಡೀಲಿ ಕಾಕಾ?'

'ಎಷ್ಟರಿಂದ ಭಾಗಿಸಿದ್ರೂ ಆ ಕಂಬ ಐದು ಇಂಚು ಗಿಡ್ಡೇ ಐತಿ ತಮ್ಮಾ. ನಮ್ಮೂರ ಪಂಚಲಿಂಗೇಶ್ವರ ಗುಡಿ ಕಟ್ಟಿದವ್ರು ಮೊದಲ ಅಳದು ಆಮ್ಯಾಲ ನಿಂದ್ರಿಸಿದ್ರು.'

ಚಾಲುಕ್ಯರ ಕಾಲದ ಗುಡಿಯನ್ನು ಎದುರಿಗಿಟ್ಟರೆ ಯಾರು ತಾನೇ ಉತ್ತರ ಕೊಟ್ಟಾರು? ಆದರೂ ಹುಡುಗ ಸೋಲಲಿಲ್ಲ. ಜಗತ್ತೇ ಹೊಗಳಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹಡಗಲಿಯಲ್ಲೇ ಎಂದ. 'ಅವರ ಮನ್ಯಾಗ ಎಮ್ಮಿ ಇದ್ವೇನು?' ಎಂದರು ಅಪ್ಪ. ಸಣ್ಣ ಸ್ಯಾಂಪಲ್ಲಿಗೆಂದೇ ಟಿ-ಟೆಸ್ಟ್ ಕೊಟ್ಟ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬೀರು ಕಂಪನಿಯ ನೌಕರ, 1908ರಲ್ಲಿ ಅದನ್ನು 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ ಎಂದೂ ಹೇಳಿದ. ಈ ಮಾತು ಹೇಳಬಾರದಿತ್ತು. ಅವ್ವನ ಕಿವಿಗೆ ಬಿದ್ದದ್ದು 'ಸ್ಟೂಡೆಂಟ್' ಮತ್ತು 'ಬೀರು', ಎರಡೇ. ಧಾರವಾಡದ ರೂಮಿನ ವಿಚಾರಣೆ ಊಟದವರೆಗೂ ನಡೆಯಿತು.

ಪತ್ರಾಸು ಏರಿತು. ಗಿಡ್ಡ ಕಂಬದ ಮೇಲೆ ಎರಡು ಪತ್ರಾಸು ಕೂಡುವಲ್ಲಿ ಮಾತ್ರ ಬಾಯಿ ಬಿಟ್ಟುಕೊಂಡವು. ಮೊದಲ ಮಳೆಗೆ ನೀರು ನೇರ ಎಮ್ಮೆಯ ಬೆನ್ನಿಗೆ. ಅದು ಒಂದು ಹೆಜ್ಜೆ ಸರಿದು ನಿಂತಿತು. ಅವ್ವ ಅಲ್ಲೊಂದು ಕೊಡ ಇಟ್ಟಳು.

ಮರುದಿನ ಬೆಳಿಗ್ಗೆ ಹುಡುಗ ಕೊಡದೊಳಗೆ ಸ್ಕೇಲು ಇಳಿಬಿಟ್ಟು ಬರೆದುಕೊಂಡ. ಅದರ ಮರುದಿನವೂ. ರೆಕಾರ್ಡಿನ ಖಾಲಿ ಹಾಳೆಗಳಿಗೆ ಕೊನೆಗೂ ಸ್ವಂತ ಡೇಟಾ ಸಿಕ್ಕಿತ್ತು!

ಮೊನ್ನೆ ಗೌಂಡಿ ಕಾಕಾ ಕಂಬದ ತಲೆಗೆ ಕೂಡಿಸಲು ಐದು ಇಂಚಿನ ಕಬ್ಬಿಣದ ತುಂಡು ಹಿಡಿದು ಬಂದರೆ, ಹುಡುಗ ಏಣಿಗೆ ಅಡ್ಡ ನಿಂತಿದ್ದ. ಇಪ್ಪತ್ತಮೂರು ಮಳೆ ಆಗಿವೆಯಂತೆ, ಮೂವತ್ತಾದರೆ ದೊಡ್ಡ ಸ್ಯಾಂಪಲ್ಲಂತೆ. ಕಬ್ಬಿಣದ ತುಂಡು ಈಗ ಗ್ವಾದಲಿಯಲ್ಲಿದೆ. ಅವರಪ್ಪ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಮುಗಿಲು ನೋಡುತ್ತಾರೆ. 'ಬೆಳಿಗೆ ಸಾಕಾತಲ್ಲೋ ಮಳಿ?' ಎಂದು ಕೇಳಿದೆ.

'ಬೆಳಿಗೆ ಸಾಕಾಗೇತಿ. ರೆಕಾರ್ಡಿಗೆ ಇನ್ನೂ ಏಳು ಬೇಕು.'