ಹಂಪ್ಸ್ ದಾಟಿದ ಮೇಲೆ ಮುಂಗಡ

ಗೆ,
ಐಷಾರಾಮಿ ಸೆಡಾನುಗಳ ಟೆಸ್ಟ್ ಡ್ರೈವ್ ದಾರಿ ಗೊತ್ತುಮಾಡುವ ಮಹನೀಯರಿಗೆ,
ಹೈದರಾಬಾದು ಮತ್ತು ಬೆಂಗಳೂರು.

ಮಾನ್ಯರೆ,

ದೋರನಹಳ್ಳಿಯಿಂದ ಬರೆಯುತ್ತಿದ್ದೇನೆ. ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ. ನಿಮ್ಮ ಕಾರಿನ ದೊಡ್ಡ ಪರದೆಯ ಮೇಲೆ ಬೆರಳಿಟ್ಟು ನಕಾಶೆ ಹಿಗ್ಗಿಸುತ್ತ ಹೋದರೆ ಯಾವುದೋ ಒಂದು ಹಂತದಲ್ಲಿ ನಾವೂ ಕಾಣಿಸುತ್ತೇವೆ. 2018ರಲ್ಲಿ ದಿಲ್ಲಿಯ ನೀತಿ ಆಯೋಗ ದೇಶದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿಸಿದ್ದು ರಾಯಚೂರು, ಯಾದಗಿರಿ ಎರಡನ್ನೇ. ಆಕಾಂಕ್ಷೆ ಇಷ್ಟು ಅಧಿಕೃತವಾಗಿರುವ ಕಡೆಗೆ ನೀವು ಇನ್ನೂ ಒಂದು ಟೆಸ್ಟ್ ಕಾರು ಕಳಿಸದಿರುವುದು ಸೋಜಿಗ.

ಗಿರಾಕಿ ನಾನಲ್ಲ, ನನ್ನ ಅಕ್ಕನ ಮಗ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರದ ಹೊಲಗಳಿಗೆ ಹರಿದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿಯಲ್ಲಿ ನಾಲ್ಕು ಕಾಸು ಕಂಡವರಲ್ಲಿ ಅವನೊಬ್ಬ. ಇಲ್ಲಿ ರೊಕ್ಕ ಬಂದವರು ಬಿಳಿ ಫಾರ್ಚುನರ್ ತರುವುದು ರೂಢಿ. ಅವನದು ಬೇರೆ ಹಟ. "ಫಾರ್ಚುನರ್ ಎಲ್ಲಾರ ಮನಿ ಮುಂದೂ ಅದ ಮಾವ, ನಂದು ಬ್ಯಾರೆ ಇರಬೇಕು." ಹೀಗಾಗಿ ಸೆಡಾನು. ನಿಜಾಮರ ಕಾಲದಿಂದಲೂ ನಮ್ಮ ಕಡೆಯವರು ದೊಡ್ಡ ಸಾಮಾನು ಕೊಳ್ಳಲು ಹೋಗುವ ಊರು ಹೈದರಾಬಾದು. ಅವನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಅಲ್ಲಿಗೇ ಹೋದೆ.

ನಿಮ್ಮ ಶೋರೂಮಿನ ಮರ್ಯಾದೆಗೆ ಎರಡು ಮಾತಿಲ್ಲ. ಕಾಫಿ ಬಂತು, ಜೊತೆಗೆ ಬಿಸ್ಕತ್ತು, ಆಮೇಲೆ ಟ್ಯಾಬು ಹಿಡಿದ ಹುಡುಗ. ಟೆಸ್ಟ್ ಡ್ರೈವ್ ದಾರಿಯಂತೂ ದೇವರೇ ಹಾಕಿಕೊಟ್ಟಂತಿತ್ತು: ಗೇಟು ದಾಟಿ ಎಡಕ್ಕೆ, ಫ್ಲೈಓವರ್ ಏರಿ, ಇಳಿದು ಯೂಟರ್ನ್, ಮತ್ತೆ ಎಡಕ್ಕೆ. ಒಂದು ತಗ್ಗಿಲ್ಲ, ಒಂದು ಎಮ್ಮೆಯಿಲ್ಲ. ಕಾರಿನ ಒಳಗೆ ಸದ್ದೇ ಇಲ್ಲ ಎಂದು ಹುಡುಗ ಹೇಳಿದ. ಅದನ್ನು ನಾವು ಖಾತ್ರಿ ಮಾಡಿಕೊಳ್ಳುವ ಮೊದಲೇ ಹಾಡು ಹಾಕಿದ. ಕೊನೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ. ಅಳಿಯ ಹತ್ತು ಕೊಟ್ಟ. ಅದರಲ್ಲಿ ಎಂಟು ಹೈದರಾಬಾದಿನ ರಸ್ತೆಗೆ ಸಲ್ಲಬೇಕು.

ಅಂಕ ಕೊಡದವಳು ಅಕ್ಕ ಒಬ್ಬಳೇ. ಹಿಂದಿನ ಬಾಗಿಲು ತೆಗೆದು ಅವಳನ್ನು ಕೂರಿಸಿದರು. ಕೂರುವಾಗ ತಲೆ ಬಾಗಿಸಬೇಕು. ಕುಂತ ಮೇಲೆ ಮೊಣಕಾಲು ಮೇಲೆ, ಸೊಂಟ ಕೆಳಗೆ. ಇಳಿಯುವ ಹೊತ್ತಿಗೆ ಒಂದು ಕೈ ಬಾಗಿಲಿಗೆ, ಒಂದು ಕೈ ಮುಂದಿನ ಸೀಟಿಗೆ, ಸೆರಗು ಸೀಟ್ ಬೆಲ್ಟಿನ ಕೊಂಡಿಗೆ. "ಇದರಾಗ ಕುಂದ್ರೋದು ಸಸಾರ ಅದ, ಏಳೋದು ಹ್ಯಾಂಗೋ ಯಪ್ಪಾ?" ಎಂದಳು. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದು ನಿಮ್ಮ ಕಾಗದದಲ್ಲಿ ದೊಡ್ಡಕ್ಷರದಲ್ಲಿದೆ. ಸೀಟಿನಿಂದ ನೆಲಕ್ಕೆ ಎಷ್ಟು ನಿಮಿಷ ಎಂಬುದನ್ನು ಎಲ್ಲಿ ಬರೆದಿದ್ದೀರಿ?

ಆ ರಾತ್ರಿ ಅಳಿಯ ಹೋಲಿಕೆಯ ಪಟ್ಟಿ ಮಾಡಿದ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಕ್ಯಾಮ್ರಿ: 2024ರ ಡಿಸೆಂಬರಿನಲ್ಲಿ ಹೊಸ ಮಾದರಿ ಬಂದಾಗ ಶೋರೂಮ್ ಬೆಲೆ 48 ಲಕ್ಷ, ಎರಡೂವರೆ ಲೀಟರಿನ ಹೈಬ್ರಿಡ್ ಎಂಜಿನ್. ಚೆನ್ನೈಯಲ್ಲಿ ಜೋಡಿಸುವ ಬಿಎಂಡಬ್ಲ್ಯು 2 ಸೀರೀಸ್. ಬಾಗಿಲಿನೊಳಗೇ ಛತ್ರಿ ಇಟ್ಟುಕೊಡುವ ಸ್ಕೋಡಾ ಸೂಪರ್ಬ್. ಬೇಸಿಗೆಯಲ್ಲಿ 42 ಡಿಗ್ರಿ ಕಾಯುವ ಜಿಲ್ಲೆಗೆ ಛತ್ರಿ ತರುವವರ ಆಶಾವಾದವನ್ನು ನಾನು ಮೆಚ್ಚಿದೆ. ಇನ್ನು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ರಸ್ತೆ ತೆರಿಗೆ ನೂರಕ್ಕೆ 18. 48 ಲಕ್ಷಕ್ಕೆ 8 ಲಕ್ಷ 64 ಸಾವಿರ, ಸೆಸ್ಸು ಬೇರೆ. ಆ ತೆರಿಗೆಯ ದುಡ್ಡಿನಲ್ಲೇ ಒಂದು ಡಿಜೈರ್ ಮನೆಗೆ ಬರುತ್ತದೆ. ಅಷ್ಟು ರಸ್ತೆ ತೆರಿಗೆ ಕಟ್ಟಿದವನು ರಸ್ತೆಯ ಬಗ್ಗೆ ಒಂದು ಮಾತಾಡಿದರೆ ತಪ್ಪು ತಿಳಿಯಬಾರದು.

ನಮ್ಮ ರಸ್ತೆಯ ಪಾಯ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅದು ಕುಣಿಸಿದಂತೆ ಕುಣಿಯುತ್ತದೆ. ಅದರ ಮೇಲೆ ಹಂಪ್ಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪ್ಸಿಗೂ ಒಂದು ಶಾಸ್ತ್ರ ಬರೆದಿಟ್ಟಿದೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು, 25 ಕಿಲೋಮೀಟರ್ ವೇಗದಲ್ಲಿ ದಾಟಬಹುದು. ಕ್ಯಾಮ್ರಿಯಂಥ ಕಾರಿಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.8 ಮೀಟರಿನಷ್ಟು ಅಂತರ. ಶಾಸ್ತ್ರದ ಕಮಾನನ್ನು ಅದು ದಾಟುವಾಗ ನಟ್ಟನಡುವೆ ಹೊಟ್ಟೆಯ ಕೆಳಗೆ ಸುಮಾರು 6 ಸೆಂಟಿಮೀಟರ್ ಜಾಗ ಹೋಗುತ್ತದೆ. ಉಳಿದದ್ದು ಧಾರಾಳ. ಆದರೆ ನಮ್ಮ ಓಣಿಗಳ ಹಂಪ್ಸು ಹಾಕಿದವರು ಶಾಸ್ತ್ರಿಗಳಲ್ಲ. ನೀರಿನ ಪೈಪಿಗೆ ಅಗೆದ ತಗ್ಗು ಮುಚ್ಚಲು ಸುರಿದ ಸಿಮೆಂಟು, ಮಗು ಬಿದ್ದ ಮಾರನೆಯ ದಿನ ಊರವರೇ ಏರಿಸಿದ ಕಾಂಕ್ರೀಟು. ಅಗಲ ಎರಡು ಹೆಜ್ಜೆ, ಎತ್ತರ ಸಿಟ್ಟಿಗೆ ತಕ್ಕಷ್ಟು. ಅಂಥ ಕಡಿದಾದ ದಿಣ್ಣೆ ಉದ್ದ ಕಾರಿನ ಎರಡು ಚಕ್ರಗಳ ನಡುವೆ ಸಿಕ್ಕಿತೆಂದರೆ ಅದರ ಎತ್ತರವಷ್ಟೂ ಹೊಟ್ಟೆಯ ಲೆಕ್ಕಕ್ಕೇ. ಕಾಲಿಗೆ ಜಾಗ ಕೊಡಲೆಂದು ನೀವು ಹಿಗ್ಗಿಸಿದ ಆ ಉದ್ದವೇ ಇಲ್ಲಿ ಶತ್ರು.

ಸುಗ್ಗಿ ಬಂದರೆ ರಸ್ತೆಯೇ ಕಣ. ತೊಗರಿ, ಸಜ್ಜಿ ಹರವಿ ಕಾಯುತ್ತಾರೆ. ಲಾರಿ, ಟಂಟಂ, ಜೀಪು ಹಾದು ಹಾದು ರಾಶಿಯಾಗುತ್ತದೆ. ಕಾನೂನಿಗೆ ವಿರುದ್ಧ ನಿಜ, ಆದರೆ ಪೆಟ್ರೋಲಿನ ಖರ್ಚು ಬೇರೆಯವರದು. ನೆಲ ಸವರುವ ಸೆಡಾನು ಅದರ ಮೇಲೆ ಹೋದರೆ ಕಟ್ಟಿಗೆ, ಹೊಟ್ಟು ಎಲ್ಲ ಅಡಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರಿಗೆ ಒಣ ಹೊಟ್ಟು ತಾಗಿದರೆ ಬೆಂಕಿ ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ಎಪ್ಪತ್ತು ವರ್ಷದ ರೈತ ಅದನ್ನು ನೋಡಿ "ಸಾವ್ಕಾರ್ರೆ, ನಿಮ್ಮ ಗಾಡಿ ರಾಶಿ ಮಾಡ್ಲಿಕ್ಕೆ ಭಾಳ ಛಲೋ ಅದ" ಎಂದರೆ ನಿಮ್ಮ ಕಂಪನಿಯ ಘೋಷವಾಕ್ಯಕ್ಕೆ ಏನು ಗತಿ?

ಐಷಾರಾಮಿ ಕಾರು ಓಡಲೇಬೇಕೆಂದಿಲ್ಲ ಎಂಬ ವಾದ ನಿಮ್ಮಲ್ಲಿರಬಹುದು. ಅದಕ್ಕೆ ಹೈದರಾಬಾದಿನಲ್ಲೇ ಮೇಲ್ಪಂಕ್ತಿಯಿದೆ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್‌ರಾಯ್ಸ್ ಇದೆ, 1912ರದು, ಒಳಗೆ ಸಿಂಹಾಸನದಂಥ ಆಸನ. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೆ ನಿಜಾಮರು ಬ್ಯಾಂಕಿಗೆ ತಿಂಗಳ ಕಂತು ಕಟ್ಟುತ್ತಿರಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಕಾರು ದೋರನಹಳ್ಳಿಗೆ ಕಳಿಸಿ. ಶಹಾಪುರದಿಂದ ಯಾದಗಿರಿಗೆ ಒಮ್ಮೆ, ಭೀಮರಾಯನಗುಡಿಯ ಕಾಲುವೆ ದಂಡೆಯ ಮೇಲೆ ಒಮ್ಮೆ, ನಮ್ಮ ಓಣಿಯಲ್ಲಿ ಒಮ್ಮೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು, ಡಿಕ್ಕಿಯಲ್ಲಿ ಅಕ್ಕಿ ಚೀಲ, ಹಾಡು ಬಂದ್. ಪಂಕ್ಚರ್ ಆದರೆ ಸ್ಟೆಪ್ನಿ ಯಾವ ಗಾತ್ರದ್ದು, ಅದು ಇದೆಯೋ ಇಲ್ಲವೋ ಎಂದು ಹುಡುಗ ನೆಲದ ಮೇಲೆ ನಿಂತು ತೋರಿಸಲಿ. ಟ್ಯಾಬು ಬೇಡ. ಊಟ ನಮ್ಮದು: ಖಡಕ್ ರೊಟ್ಟಿ, ಪುಂಡಿ ಪಲ್ಯ. ಕಾರಿನ ಹೊಟ್ಟೆ ಸವೆದರೆ ಅದರ ಖರ್ಚು ನಿಮ್ಮದು. ಹಾಗೆಂದು ಮೊದಲೇ ಕಾಗದದಲ್ಲಿ ಬರೆದು ತನ್ನಿ.

ಅಲ್ಲಿಯತನಕ ಅಳಿಯ ಮುಂಗಡ ಕೊಡುವುದಿಲ್ಲ. ಅಕ್ಕ ಕೊಡಗೊಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗಿರಾಕಿಯ ಮಾವ
ದೋರನಹಳ್ಳಿ