ಬೇಡವೆಂಬುದಕ್ಕೊಂದು ನಮೂನೆ ಬೇಕಾಗಿದೆ

ಇವರಿಗೆ,
ಕೋವಿ, ಪಿಸ್ತೂಲು ಹಾಗೂ ತತ್ಸಂಬಂಧಿ ಕಡತಗಳ ಮೇಲೆ ವಿರಾಜಮಾನರಾಗಿರುವ ಸಮಸ್ತ ಮಾನ್ಯರು,
ಕೆಳಗಿನ ಮೇಜಿನಿಂದ ಮೇಲಿನ ಮೇಜಿನವರೆಗೆ.

ವಿಷಯ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹೊಸ ಶೂಟರುಗಳು ಮೊದಲ ಪಿಸ್ತೂಲನ್ನು ಆರಿಸಿಕೊಳ್ಳುವ ಬಗ್ಗೆ, ಮತ್ತು ಆರಿಸಿದ್ದನ್ನು ಮನೆಗೆ ತಂದುಕೊಳ್ಳುವ ಬಗ್ಗೆ.
ಉಲ್ಲೇಖ: ಬಾಯ್ಮಾತಿನಲ್ಲಿ ಹೊರಡಿಸಲಾದ "ನಾಳೆ ಬನ್ನಿ".

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪಿಸ್ತೂಲು ಎಂಬ ಹೆಸರು ಕಿವಿಗೆ ಬಿದ್ದೊಡನೆ ಬೆಚ್ಚಬೇಕಾದ ಕಾರಣವಿಲ್ಲ. ಸ್ಪರ್ಧೆಗೆ ಹೊಸದಾಗಿ ಇಳಿಯುವವರು ಮೊದಲು ಹಿಡಿಯಬೇಕಾದದ್ದು ಏರ್ ಪಿಸ್ತೂಲನ್ನು, ಅಂದರೆ ಮದ್ದಿನ ಬದಲು ಒತ್ತಿಟ್ಟ ಗಾಳಿಯ ಬಲದಿಂದ ಸೀಸದ ಪುಟ್ಟ ಗುಂಡನ್ನು ಹೊರದಬ್ಬುವ ಸಾಧನವನ್ನು. ಅದರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಗುಂಡಿನ ತೂಕ ಅರ್ಧ ಗ್ರಾಮಿನ ಆಸುಪಾಸು, ಹೊರಬೀಳುವಾಗ ಗುಂಡಿಗಿರುವ ಶಕ್ತಿ ಸುಮಾರು 6 ಜೂಲ್. ಗುರಿಹಲಗೆ 10 ಮೀಟರ್ ದೂರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ. ಅದರ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಒಂದು ಚಾಲಿ ಅಡಿಕೆಯನ್ನು ಮೇಲಿಟ್ಟರೆ ವೃತ್ತ ಪೂರ್ತಿ ಮುಚ್ಚಿಹೋಗುವಷ್ಟು. ಒಂದೇ ಕೈಯಲ್ಲಿ ಹಿಡಿದು, 75 ನಿಮಿಷಗಳೊಳಗೆ 60 ಗುಂಡುಗಳನ್ನು ಹೊಡೆದು ಮುಗಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಇಂಥ ಪಿಸ್ತೂಲಿನಿಂದ ತೋಟದ ಮಂಗ ಓಡುವುದಿಲ್ಲ. ತಿನ್ನುತ್ತಿರುವ ಬೊಂಡವನ್ನು ಕೆಳಗಿಡುವುದೂ ಇಲ್ಲ.

ಆದರೂ ಈ ಸೀಮೆಯ ಕಚೇರಿಗಳಲ್ಲಿ ನಳಿಗೆಯಿರುವುದೆಲ್ಲ ಕೋವಿಯೇ ಎಂಬ ಅದ್ವೈತ ಸಿದ್ಧಾಂತವು ಆಳವಾಗಿ ಬೇರೂರಿದೆ. ಕೋವಿಯೆಂದರೆ ಕೃಷಿಕರು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಳ್ಳುವ ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕು. ಅದನ್ನೂ ಸ್ಪರ್ಧೆಯ ಏರ್ ಪಿಸ್ತೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾನ್ಯರಿಗೆ ಕಾನೂನೇ ಬೇರೆ ತಕ್ಕಡಿಯನ್ನು ಒದಗಿಸಿಕೊಟ್ಟಿದೆ. 1959 ರ ಆಯುಧ ಕಾಯ್ದೆಯಡಿ ರಚಿತವಾದ 2016 ರ ಆಯುಧ ನಿಯಮಗಳಂತೆ, ನಳಿಗೆಯ ವ್ಯಾಸ 4.5 ಮಿಲಿಮೀಟರನ್ನಾಗಲಿ ಗುಂಡಿನ ಶಕ್ತಿ 20 ಜೂಲನ್ನಾಗಲಿ ಮೀರಿದ ಗಾಳಿಯ ಆಯುಧಗಳಿಗೆ ಮಾತ್ರ ಪರವಾನಗಿ ಬೇಕು. ಆರು ಎಂಬ ಸಂಖ್ಯೆ ಇಪ್ಪತ್ತಕ್ಕಿಂತ ಚಿಕ್ಕದು ಎಂಬುದಕ್ಕೆ ಪ್ರತ್ಯೇಕ ಸುತ್ತೋಲೆಯೇನೂ ಹೊರಟಿಲ್ಲ, ಆದರೆ ಒಂದನೆಯ ತರಗತಿಯ ಪಠ್ಯದಲ್ಲಿ ಅದು ಲಭ್ಯವಿದೆ.

ಏರ್ ಪಿಸ್ತೂಲಿಗೆ ಬದಲಾಗಿ 0.22 ಬೋರಿನ ಪಿಸ್ತೂಲನ್ನೇ ಮೊದಲು ಕೊಳ್ಳುತ್ತೇನೆಂಬ ಉತ್ಸಾಹಿಗಳೂ ಇದ್ದಾರೆ. ಅದು ಮದ್ದು ತುಂಬಿದ ತೋಟೆಯನ್ನು ಹಾರಿಸುವ ನಿಜವಾದ ಬಂದೂಕಾದ್ದರಿಂದ ಇಪ್ಪತ್ತೊಂದು ವರ್ಷ ತುಂಬಿರಬೇಕು, ಎ-1 ನಮೂನೆಯಲ್ಲಿ ಅರ್ಜಿ ಹಾಕಬೇಕು, ತರಬೇತಿಯ ಪ್ರಮಾಣಪತ್ರ ತರಬೇಕು, ಪೊಲೀಸರ ವರದಿ ಬರಬೇಕು, ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯಬೇಕು. ಅಷ್ಟರಲ್ಲಿ ಆರಂಭಿಕನು ಹಿರಿಯರ ವಿಭಾಗಕ್ಕೆ ಅರ್ಹನಾಗಿರುತ್ತಾನೆ. ಕೈ ನಡುಗದಂತೆ ನಿಲ್ಲುವುದು, ಉಸಿರು ಹಿಡಿಯುವುದು, ಕುದುರೆಯನ್ನು, ಅಂದರೆ ಟ್ರಿಗರನ್ನು, ಕದಲಿಸದೆ ಎಳೆಯುವುದು, ಈ ಮೂರನ್ನೂ ಏರ್ ಪಿಸ್ತೂಲೇ ಕಡಿಮೆ ಖರ್ಚಿನಲ್ಲಿ ಕಲಿಸುವುದರಿಂದ ಉತ್ಸಾಹಿಗಳು ತಾಳ್ಮೆ ವಹಿಸುವುದೇ ಲೇಸು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014 ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ, ಮನು ಭಾಕರ್ 2024 ರಲ್ಲಿ ಪ್ಯಾರಿಸಿನಲ್ಲಿ ಕಂಚು ಗೆದ್ದದ್ದೂ ಈ ಪರವಾನಗಿ ಬೇಡದ ಪಿಸ್ತೂಲಿನ ಸ್ಪರ್ಧೆಯಲ್ಲೇ.

ಇನ್ನು ಯಾವ ಏರ್ ಪಿಸ್ತೂಲು ಎಂಬ ಪ್ರಶ್ನೆ. ಒಂದು ಬಗೆಯಲ್ಲಿ ಪ್ರತಿ ಗುಂಡಿಗೂ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದರೆ ಬೇಕಾದಷ್ಟು ಗಾಳಿ ಒಳಗೆ ಒತ್ತಿಕೊಳ್ಳುತ್ತದೆ. ಸ್ಪೇನ್ ದೇಶದ ಗಾಮೋ ಕಂಪ್ಯಾಕ್ಟ್ ಈ ಜಾತಿಯದು. ಇನ್ನೊಂದು ಬಗೆಯಲ್ಲಿ ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಗಾಳಿಯನ್ನು ಮೊದಲೇ 200 ಬಾರ್ ಒತ್ತಡದಲ್ಲಿ ತುಂಬಿಡಲಾಗುತ್ತದೆ. ಆಸ್ಟ್ರಿಯಾದ ಸ್ಟೆಯರ್ ಎಲ್‌ಪಿ 10, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ಡಿನಿ, ಜರ್ಮನಿಯ ವಾಲ್ಥರ್ ಈ ಕುಲದವು, ಬೆಲೆ ಲಕ್ಷ ದಾಟುತ್ತದೆ. ಕಾರಿನ ಚಕ್ರದಲ್ಲಿರುವುದು ಸುಮಾರು 2 ಬಾರ್ ಆದ್ದರಿಂದ ಬೊಳುವಾರಿನ ಪಂಚರ್ ಅಂಗಡಿಯಲ್ಲಿ ಇದಕ್ಕೆ ಗಾಳಿ ಹಾಕಿಸಲಾಗದು. ಕೈಪಂಪೋ ಮುಳುಗುಗಾರರು ಬೆನ್ನಿಗೆ ಕಟ್ಟುವಂಥ ದೊಡ್ಡ ಸಿಲಿಂಡರೋ ಬೇಕು. ಹೀಗಾಗಿ ಪೇಟೆಯಿಂದ ದೂರವಿರುವ, ಸುಬ್ರಹ್ಮಣ್ಯದ ಕಡೆಯ ಅಥವಾ ಬೆಳ್ಳಾರೆಯ ಕಡೆಯ ಆರಂಭಿಕನಿಗೆ ಸನ್ನೆಯ ಪಿಸ್ತೂಲೇ ಸೂಕ್ತ. ಅರುವತ್ತು ಬಾರಿ ಸನ್ನೆ ಎಳೆದರೆ ತೋಳು ಸೋಲುತ್ತದೆ ಎಂಬ ದೂರು ನಿಜವಾದರೂ, ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಗಟೋರು ಪಂಪನ್ನು ಒತ್ತಿದ ತೋಳುಗಳಿಗೆ ಅದು ಹೊಸದಲ್ಲ.

ಬೆಲೆಗಿಂತ ಮುಖ್ಯವಾದದ್ದು ಹಿಡಿ. ಅಂಗೈಗೆ ಹೊಂದುವಂತೆ ಕೆತ್ತಿದ ಮರದ ಹಿಡಿ ಚಿಕ್ಕ, ಮಧ್ಯಮ, ದೊಡ್ಡ ಅಳತೆಗಳಲ್ಲಿ, ಎಡಗೈಗೂ ಬಲಗೈಗೂ ಬೇರೆ ಬೇರೆಯಾಗಿ ಬರುತ್ತದೆ. ಕಣ್ಣುಮುಚ್ಚಿ ಕೈಯೆತ್ತಿ ಕಣ್ಣು ತೆರೆದಾಗ ಮುಂದಿನ ಗುರಿಕಡ್ಡಿಯು ಹಿಂದಿನ ಕಂಡಿಯ ನಡುವೆ ತಾನಾಗಿ ನಿಂತಿದ್ದರೆ ಹಿಡಿ ಸರಿಯಾಗಿದೆಯೆಂದು ತಿಳಿಯಬೇಕು. ಟ್ರಿಗರ್ ಕನಿಷ್ಠ 500 ಗ್ರಾಮಿನ ಭಾರವನ್ನು ತಡೆಯಬೇಕು, ಪಿಸ್ತೂಲಿನ ಒಟ್ಟು ತೂಕ 1500 ಗ್ರಾಮನ್ನು ಮೀರಕೂಡದು. ಗುಂಡಿಲ್ಲದೆ, ಗಾಳಿ ವ್ಯಯವಾಗದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವ ಸೌಲಭ್ಯವಿದ್ದರೆ ಅರ್ಧ ಗೆದ್ದಂತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಾದ್ದರಿಂದ ಎಣ್ಣೆ ಬಟ್ಟೆಯೂ ಗಾಳಿಯಾಡದ ಡಬ್ಬಿಯೂ ಪಿಸ್ತೂಲಿನೊಂದಿಗೇ ಬರಬೇಕು. ಇಲ್ಲವಾದರೆ ಆಟಿ ತಿಂಗಳು ಕಳೆಯುವಷ್ಟರಲ್ಲಿ ಉಕ್ಕಿಗೆ ತುಕ್ಕು, ಸೀಸಕ್ಕೆ ಬಿಳಿಬೂದಿ, ಹಿಡಿಗೆ ಬೂಷ್ಟು ಖಚಿತ.

ಇಷ್ಟೆಲ್ಲ ಅಧ್ಯಯನ ನಡೆಸಿ ಆರಿಸಿದ ಪಿಸ್ತೂಲು ಪಾರ್ಸೆಲಿನಲ್ಲಿ ಊರಿಗೆ ಬರುತ್ತದೆ. ಪಾರ್ಸೆಲಿನ ಕೌಂಟರಿನಲ್ಲಿ ಕುಳಿತವರು ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿ, ಅದನ್ನು ಎರಡೇ ಬೆರಳಲ್ಲಿ ಬದಿಗೆ ಸರಿಸಿ, "ಲೈಸೆನ್ಸ್ ಎಲ್ಲಿ?" ಎನ್ನುತ್ತಾರೆ. ಇದಕ್ಕೆ ಲೈಸೆನ್ಸ್ ಬೇಡವೆಂದು ಅರ್ಜಿದಾರನು ನಿಯಮದ ಪ್ರತಿಯನ್ನು ಮುಂದಿಡುತ್ತಾನೆ. "ಆಯ್ತು, ಬೇಡ ಅಂತ ಒಂದು ಲೆಟರ್ ಮಾಡಿಸಿಕೊಂಡು ಬನ್ನಿ ಮಾರಾಯ್ರೆ" ಎಂಬ ಉತ್ತರ ಬರುತ್ತದೆ. ಲೆಟರಿಗಾಗಿ ಹೋದ ಕಚೇರಿಯಲ್ಲಿ, ಬೇಕಾದದ್ದಕ್ಕೆ ಮಾತ್ರ ಲೆಟರ್ ಕೊಡಬಹುದು, ಬೇಡವಾದದ್ದಕ್ಕೆ ನಮೂನೆ ಇಲ್ಲ ಎನ್ನುತ್ತಾರೆ. ಅದರ ಮೇಲಿನ ಕಚೇರಿಯಲ್ಲಿ, ಕೆಳಗಿನ ಕಚೇರಿಯ ವರದಿಯಿಲ್ಲದೆ ಬೇಡವೆಂದು ಹೇಗೆ ಹೇಳುವುದು ಎನ್ನುತ್ತಾರೆ. ಕೆಳಗಿನ ಕಚೇರಿಯಲ್ಲಿ, ಮೇಲಿನಿಂದ ಕೇಳದೆ ವರದಿ ಹೇಗೆ ಬರೆಯುವುದು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಊಟದ ಸಮಯವಾಗಿರುತ್ತದೆ, ಊಟದ ನಂತರ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ, ಮೀಟಿಂಗಿನ ನಂತರ ಕಡಬದ ಕೊನೆಯ ಬಸ್ಸು ಹೊರಟಿರುತ್ತದೆ.

ನಮೂನೆ ಇಲ್ಲವೆಂಬ ಮಾತನ್ನು ನಂಬುವುದು ಸುಳ್ಯದವರಿಗಂತೂ ಕಷ್ಟ. ಸಂಪಾಜೆ ದಾಟಿ ಕೊಡಗಿಗೆ ಕಾಲಿಟ್ಟರೆ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೇಂದ್ರ ಸರಕಾರದ ಅಧಿಸೂಚನೆಯಂತೆ 2029 ರವರೆಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ, ಆ ವಿನಾಯಿತಿಗೆ ಪ್ರಮಾಣಪತ್ರವೂ ಇದೆ. ಅಂದರೆ ನಿಜವಾದ ಕೋವಿಗೆ ಪರವಾನಗಿ ಬೇಡವೆಂದು ಬರೆದುಕೊಡುವ ಲೇಖನಿ ಘಟ್ಟದ ಮೇಲಿದೆ, ಗಾಳಿಯ ಪಿಸ್ತೂಲಿಗೆ ಬೇಡವೆಂದು ಬರೆದುಕೊಡುವ ಲೇಖನಿ ಮಾತ್ರ ಘಟ್ಟದ ಕೆಳಗೆ ಒಣಗಿಹೋಗಿದೆ. 1837 ರಲ್ಲಿ ಅಮರಸುಳ್ಯದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನ ಬಾವುಟಗುಡ್ಡೆಯವರೆಗೆ ನಡೆದು ಕಂಪೆನಿಯ ಧ್ವಜವನ್ನು ಇಳಿಸಿದ್ದು ಕಚೇರಿಗಳಿಗೆ ಇನ್ನೂ ಮರೆತಿಲ್ಲವೆಂದಾದರೆ, ಆ ದಂಡಿನಲ್ಲಿ 10 ಮೀಟರ್ ಏರ್ ಪಿಸ್ತೂಲು ಇರಲಿಲ್ಲವೆಂಬುದನ್ನು ಕಡತದಲ್ಲಿ ದಾಖಲಿಸಿಕೊಳ್ಳಲು ಕೋರಿದೆ.

ಚುನಾವಣೆ ಬಂದಾಗಲಂತೂ ಈ ಅದ್ವೈತವು ಪರಾಕಾಷ್ಠೆಗೆ ತಲುಪುತ್ತದೆ. ಪ್ರತಿ ಪ್ರಕರಣವನ್ನೂ ಪ್ರತ್ಯೇಕವಾಗಿ ನೋಡಲೆಂದೇ ತಪಾಸಣಾ ಸಮಿತಿಯೆಂಬುದು ಇದ್ದರೂ ಕೃಷಿಕರ ಕೋವಿಗಳೆಲ್ಲ ಠಾಣೆಯಲ್ಲಿ ಠೇವಣಿಯಾಗುತ್ತವೆ. 2024 ರಲ್ಲಿ ಮಾರ್ಚ್ 16 ಕ್ಕೆ ನೀತಿಸಂಹಿತೆ ಜಾರಿಯಾಯಿತು, ಏಪ್ರಿಲ್ 26 ಕ್ಕೆ ಇಲ್ಲಿ ಮತದಾನ ಮುಗಿಯಿತು, ಎಣಿಕೆ ನಡೆದದ್ದು ಜೂನ್ 4 ಕ್ಕೆ; ಗೇರುಬೀಜವೂ ಹಲಸೂ ಆಗುವ ಆ ಅವಧಿಯುದ್ದಕ್ಕೂ ಮಂಗಗಳು ಠೇವಣಿಯಿಲ್ಲದೆ, ಯುಐಎನ್ ಇಲ್ಲದೆ, ನೀತಿಸಂಹಿತೆಯ ಹಂಗಿಲ್ಲದೆ ತೋಟದಲ್ಲಿ ಪ್ರಚಾರ ನಡೆಸಿದವು. ಆದರೆ ಅದು ಕೃಷಿಕರ ಬೇರೆ ಪತ್ರಕ್ಕೆ ಮೀಸಲು. ಪರವಾನಗಿಯೇ ಇಲ್ಲದ ಏರ್ ಪಿಸ್ತೂಲನ್ನೂ ತಂದು ಠೇವಣಿಯಿಡಿ, ಆದರೆ ಪರವಾನಗಿಯಿಲ್ಲದ ಕಾರಣ ರಶೀದಿ ಕೊಡಲಾಗದು ಎಂದರೆ ಅದು ಈ ಪತ್ರಕ್ಕೇ ಸೇರಿದ್ದು.

ಇಲ್ಲಿಂದ ಮುಂದೆ ವಿನಯಕ್ಕೆ ರಜೆ. ನಿಯಮ ಓದದಿರುವುದು ಒಂದು ಹುದ್ದೆಯ ಅರ್ಹತೆಯಲ್ಲ. ಹದಿನಾರರ ಹುಡುಗಿಯೊಬ್ಬಳು ಒಂದು ಕ್ರೀಡೆಯನ್ನು ಕಲಿಯಲು ಹೊರಟರೆ, ಅವಳ ಅಪ್ಪ ಕೂಲಿಯಾಳುಗಳನ್ನು ಬಿಟ್ಟು, ಕೊಯ್ಲು ಬಿಟ್ಟು, ಕಾನೂನು ಕೇಳದ ಕಾಗದಕ್ಕಾಗಿ ಕಚೇರಿಯ ಬೆಂಚು ಕಾಯಬೇಕೇ? ಕಾನೂನು ಬೇಡವೆಂದದ್ದನ್ನು ಕೇಳುವ ಅಧಿಕಾರ ಯಾವ ಮೇಜಿಗೂ ಇಲ್ಲ. ಕೇಳುವುದಾದರೆ ಅದನ್ನು ಕೊಡುವ ಹೊಣೆಯೂ ಅದೇ ಮೇಜಿನದು. ಇಷ್ಟು ಸರಳ.

ಆದ್ದರಿಂದ ಮಾನ್ಯರ ಶ್ರಮವನ್ನು ಉಳಿಸುವ ಸಲುವಾಗಿ ಅರ್ಜಿದಾರನೇ ಒಂದು ನಮೂನೆಯನ್ನು ತಯಾರಿಸಿ ಲಗತ್ತಿಸಿದ್ದಾನೆ. ಅದರಲ್ಲಿರುವುದು ಒಂದೇ ಸಾಲು: "ಈ ಕೆಳಗೆ ವಿವರಿಸಿದ, 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ." ಕೆಳಗೆ ಸಹಿಗೆ ಜಾಗ, ಮೊಹರಿಗೆ ಜಾಗ, ಮೊಹರಿನ ಶಾಯಿ ಒಣಗಿದ್ದರೆ ಅದಕ್ಕಾಗಿ ಬೇರೆ ಪುಟ. ಇದಕ್ಕೂ ಮೇಲಿನ ಅನುಮತಿ ಬೇಕೆಂದಾದಲ್ಲಿ, 2005 ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನೊಂದಿಗೆ ಅರ್ಜಿಯೂ ಸಿದ್ಧವಿದೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಅರ್ಜಿದಾರನ ಪ್ರಶ್ನೆ ಅಷ್ಟು ಉದ್ದವಿಲ್ಲ. ಬೇಡದ್ದನ್ನು ಬೇಡವೆನ್ನುವ ಅಧಿಕಾರಿ ಯಾರು? ಉತ್ತರಕ್ಕೆ ಮೂವತ್ತು ದಿನಗಳ ಅವಕಾಶವಿದೆ.

ಇಂತಿ ತಮ್ಮ ವಿಧೇಯ, ಸದ್ಯಕ್ಕೆ,
ಅರ್ಜಿದಾರ

ಲಗತ್ತು: ಮೇಲೆ ಹೇಳಿದ ನಮೂನೆ, ಮೂರು ಪ್ರತಿಗಳಲ್ಲಿ, 2016 ರ ನಿಯಮಗಳ ಸಂಬಂಧಿತ ಪುಟ, ಓದಬೇಕಾದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು.